ನೆನಪಿನ ಹೊರೆ



ಒಬ್ಬ ಮನುಷ್ಯನು ಒಂದು ದಿನದಲ್ಲಿ ಮಾಡಿ ಮುಗಿಸಬಹುದಾದ ಕೆಲಸಕ್ಕೆ ಮಿತಿಯುಂಟು. ಒಂದು ದಿನದಲ್ಲಿ ಅವನು ಮನಸ್ಸಿಗೆ ಹಚ್ಚಿಕೊಳ್ಳಬಹುದಾದ ಕೆಲಸಕ್ಕೆ ಮಾತ್ರ ಯಾವ ಮಿತಿಯೂ ಇಲ್ಲ. ಬೆಳಗ್ಗೆ ಎದ್ದು ಮುಖ ತೊಳೆಯುವುದರೊಳಗಾಗಿ ಹಾಲಿನವನ ಬಾಕಿ, ಮಗುವಿನ ಶಾಲೆಯ ಶುಲ್ಕ, ಕಚೇರಿಯಲ್ಲಿ ನಿನ್ನೆ ಅರ್ಧಕ್ಕೆ ಬಿಟ್ಟುಬಂದ ಕಡತ, ಊರಿನಲ್ಲಿರುವ ತಂದೆಯವರ ಕಣ್ಣಿನ ಪರೀಕ್ಷೆ, ಬಂಧುಗಳ ಮದುವೆಗೆ ಕಾದಿರಿಸಬೇಕಾದ ರೈಲಿನ ಟಿಕೇಟು, ಇವೆಲ್ಲವೂ ಒಂದರ ಹಿಂದೆ ಒಂದಾಗಿ ಬಾರದೆ ಏಕಕಾಲದಲ್ಲಿ ಎದುರಿಗೆ ಬಂದು ನಿಂತಾಗ, ಅವುಗಳಲ್ಲಿ ಯಾವುದೊಂದೂ ತನ್ನಷ್ಟಕ್ಕೆ ತಾನು ದುಸ್ಸಾಧ್ಯವಲ್ಲದಿದ್ದರೂ ಕೈಕಾಲು ಆಡದಂತಾಗಿ, ಯಾವುದನ್ನು ಮೊದಲು ಹಿಡಿಯಬೇಕೆಂಬುದು ತೋಚದೆ, ಕಡೆಗೆ ಒಂದನ್ನೂ ಹಿಡಿಯದೆ ಮಧ್ಯಾಹ್ನವಾಗಿಬಿಡುವುದುಂಟು. ಈ ದುರವಸ್ಥೆಯನ್ನು ಅನುಭವಿಸದವರು ಈ ಕಾಲದಲ್ಲಿ ವಿರಳರೆಂದೇ ಹೇಳಬೇಕು. ಇದರಿಂದ ಸ್ವಲ್ಪಮಟ್ಟಿಗಾದರೂ ಬಿಡುಗಡೆ ಹೊಂದಲು ದಿನನಿತ್ಯದ ಬಾಳಿನಲ್ಲಿ ರೂಢಿಸಿಕೊಳ್ಳಬಹುದಾದ ಕೆಲವು ಅಭ್ಯಾಸಗಳನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಕಾರಣವೇನೆಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ, ಕೆಲಸ ಹೆಚ್ಚಾಗಿದೆ ಎಂಬುದು. ಈ ಉತ್ತರ ಸುಳ್ಳೆನ್ನಲಾರೆ; ಆದರೆ ಅಪೂರ್ಣವೆಂದು ನನ್ನ ಅಭಿಪ್ರಾಯ. ಸುಗ್ಗಿಯ ಕಾಲದಲ್ಲಿ ಮುಂಜಾವದಿಂದ ಕತ್ತಲಾಗುವವರೆಗೂ ಕಣದಲ್ಲಿ ದುಡಿಯುವ ಒಕ್ಕಲಿನವನು ಮೈಯೆಲ್ಲ ನೋಯುವಷ್ಟು ದಣಿಯುತ್ತಾನೆ. ಆದರೂ ಎಷ್ಟು ತೂರಿಯಾಯಿತು, ನಾಳೆಗೆ ಎಷ್ಟು ಉಳಿಯಿತು ಎಂಬುದು ರಾಶಿಯನ್ನು ನೋಡಿದಮಾತ್ರಕ್ಕೆ ತಿಳಿಯುವುದರಿಂದ, ಚಾಪೆಗೆ ಬೆನ್ನು ತಾಕಿದ ಕ್ಷಣವೇ ಅವನಿಗೆ ನಿದ್ರೆ ಬರುತ್ತದೆ. ಅದೇ ಒಕ್ಕಲಿಗನು, ಹೊಲದಲ್ಲಿ ಯಾವ ಕೆಲಸವೂ ಇಲ್ಲದ ಬೇಸಗೆಯ ಒಂದು ರಾತ್ರಿ, ಬ್ಯಾಂಕಿನ ಸಾಲದ ಕಂತನ್ನೂ ಬತ್ತುತ್ತಿರುವ ಕೊಳವೆಬಾವಿಯನ್ನೂ ಮಗಳ ಕಾಲೇಜಿನ ಖರ್ಚನ್ನೂ ಒಟ್ಟಾಗಿ ನೆನೆದು ಕಣ್ಣು ಮುಚ್ಚದೆ ಬೆಳಗು ಮಾಡುತ್ತಾನೆ. ಕೈ ಮಾಡುತ್ತಿರುವ ಕೆಲಸಕ್ಕಿಂತ, ಮಾಡದೆ ಉಳಿದು ಮನಸ್ಸು ಹೊತ್ತುಕೊಂಡು ತಿರುಗುವ ಕೆಲಸವೇ ನಮ್ಮನ್ನು ಹೆಚ್ಚಾಗಿ ಕುಗ್ಗಿಸುತ್ತದೆಯೆಂಬುದು ಇದರಿಂದ ವ್ಯಕ್ತವಾಗುವುದಷ್ಟೆ. ಆದಕಾರಣ ಅಭ್ಯಾಸಗಳ ವಿಚಾರವನ್ನು ಅಲ್ಲಿಂದಲೇ ತೊಡಗಿಸಬೇಕು.

ನಮ್ಮ ಮನೆಗಳ ಹಿರಿಯ ಹೆಂಗಸರಿಗೆ ಇದಕ್ಕೊಂದು ಉಪಾಯ ಗೊತ್ತಿತ್ತು. ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿರುವಾಗಲೋ ಒರಳಿನ ಮುಂದೆ ಕುಳಿತಿರುವಾಗಲೋ ಮರೆಯಬಾರದ ಸಂಗತಿಯೊಂದು ಹೊಳೆದರೆ, ಅವರು ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಳ್ಳುತ್ತಿದ್ದರು. ಗಂಟು ಬಿದ್ದ ಮೇಲೆ ಆ ಸಂಗತಿಯನ್ನು ಮತ್ತೆ ಮತ್ತೆ ನೆನೆಯುವ ಅಗತ್ಯ ಇರುತ್ತಿರಲಿಲ್ಲ. ಸಂಜೆ ಸೆರಗು ಕೈಗೆ ಸಿಕ್ಕಾಗ ಗಂಟೇ ಅದನ್ನು ಜ್ಞಾಪಿಸುತ್ತಿತ್ತು, ಕೆಲಸ ಮುಗಿದ ಮೇಲೆ ಗಂಟನ್ನು ಬಿಚ್ಚುತ್ತಿದ್ದರು. ಓದುಬರಹದ ಅನುಕೂಲ ದೊರೆಯದಿದ್ದ ಎಷ್ಟೋ ತಾಯಂದಿರು ದೊಡ್ಡ ಸಂಸಾರಗಳ ಲೆಕ್ಕಾಚಾರವನ್ನೆಲ್ಲ ಇಂಥ ಚಿಕ್ಕ ಚಿಕ್ಕ ಗುರುತುಗಳ ಬಲದಿಂದ ನಡೆಸಿಕೊಂಡು ಬಂದರು.

ಮನಃಶಾಸ್ತ್ರಜ್ಞರು ಇದೇ ವಿಷಯವನ್ನು ಬೇರೊಂದು ದಾರಿಯಿಂದ ಬಂದು ಮುಟ್ಟಿದ್ದಾರೆ. ಲಿಥುವೇನಿಯದಲ್ಲಿ ಹುಟ್ಟಿ, ಬರ್ಲಿನ್ ನಗರದಲ್ಲಿ ಕುರ್ಟ್ ಲೆವಿನ್ ಎಂಬ ವಿದ್ವಾಂಸನ ಬಳಿ ವ್ಯಾಸಂಗ ಮಾಡುತ್ತಿದ್ದ ಬ್ಲೂಮಾ ಝೈಗಾರ್ನಿಕ್ ಎಂಬಾಕೆ, ಮುಗಿಸಿದ ಕೆಲಸಗಳಿಗಿಂತ ನಡುವೆ ತಡೆಯಲ್ಪಟ್ಟ ಕೆಲಸಗಳು ಜನರ ನೆನಪಿನಲ್ಲಿ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತವೆಂದು 1927ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಪ್ರತಿಪಾದಿಸಿದಳು. ಅನಂತರದ ಪರೀಕ್ಷೆಗಳಲ್ಲಿ ಈ ಫಲ ಎಲ್ಲ ಕಡೆಯೂ ಒಂದೇ ತೆರನಾಗಿ ಬರಲಿಲ್ಲವಾದರೂ, ಆಕೆ ಎತ್ತಿದ ಪ್ರಶ್ನೆ ಬತ್ತಲಿಲ್ಲ. ಸುಮಾರು ಎಂಟು ದಶಕಗಳು ಕಳೆದ ಬಳಿಕ, 2011ರಲ್ಲಿ, ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಅದನ್ನು ಮುಂದುವರಿಸಿ ಒಂದು ಉಪಯುಕ್ತವಾದ ಸಂಗತಿಯನ್ನು ತೋರಿಸಿಕೊಟ್ಟರು: ಅಪೂರ್ಣವಾಗಿ ಉಳಿದ ಕೆಲಸವು ಬೇರೆ ಕೆಲಸದ ನಡುವೆ ನುಗ್ಗಿ ಗಮನವನ್ನು ಕೆಡಿಸುವುದು ನಿಜ, ಆದರೆ ಆ ಅಡಚಣೆ ನಿಲ್ಲಬೇಕಾದರೆ ಕೆಲಸ ಮುಗಿಯಲೇಬೇಕೆಂಬ ನಿರ್ಬಂಧವಿಲ್ಲ, ಅದನ್ನು ಎಂದು, ಎಲ್ಲಿ, ಹೇಗೆ ಮಾಡುವೆನೆಂಬ ಖಚಿತವಾದ ಯೋಜನೆಯೊಂದು ಮನಸ್ಸಿಗೆ ದೊರೆತರೂ ಸಾಕು. ಸೆರಗಿಗೆ ಗಂಟು ಹಾಕಿದ ಅಜ್ಜಿಯ ನೆಮ್ಮದಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಕಾಣೆ.

ಹೀಗಿರಲಾಗಿ ನಾನು ಮೊಟ್ಟಮೊದಲು ಸೂಚಿಸುವ ಅಭ್ಯಾಸ ರಾತ್ರಿಯ ಚೀಟಿ. ಊಟವಾದ ಬಳಿಕ, ದೀಪವಾರಿಸುವ ಮುನ್ನ, ಒಂದು ಹಾಳೆಯನ್ನು ತೆಗೆದುಕೊಂಡು ತಲೆಯಲ್ಲಿರುವ ಬಾಕಿ ಕೆಲಸಗಳನ್ನೆಲ್ಲ ಐದು ನಿಮಿಷ ಬರೆಯುವುದು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ 57 ಮಂದಿ ತರುಣರು ಭಾಗವಹಿಸಿದ್ದರು; ಮಲಗುವ ಮುಂಚೆ ಕೆಲವರು ತಾವು ಆಗಲೇ ಮುಗಿಸಿದ ಕೆಲಸಗಳನ್ನೂ ಉಳಿದವರು ಮುಂದೆ ಮಾಡಬೇಕಾದ ಕೆಲಸಗಳನ್ನೂ ಬರೆದಾಗ, ಮುಂದಿನ ಕೆಲಸಗಳನ್ನು ಬರೆದವರಿಗೇ ನಿದ್ರೆ ಬೇಗ ಬಂದಿತು, ಅವರೊಳಗೂ ಯಾರ ಪಟ್ಟಿ ಹೆಚ್ಚು ವಿವರವಾಗಿತ್ತೋ ಅವರಿಗೆ ಇನ್ನೂ ಬೇಗ. ಇದು ಸಣ್ಣ ಪರೀಕ್ಷೆ, ಅದೂ ತರುಣರ ಮೇಲೆ ಮಾತ್ರ ನಡೆದದ್ದು; ಆದುದರಿಂದ ಇದನ್ನೇ ಆಧಾರವಾಗಿ ಹಿಡಿದು ದೊಡ್ಡ ಸಿದ್ಧಾಂತ ಕಟ್ಟುವುದು ತರವಲ್ಲ. ಆದರೆ ವಿವರದ ವಿಷಯ ಮಾತ್ರ ಗಮನಾರ್ಹವಾದದ್ದು. ‘ಬ್ಯಾಂಕಿನ ಕೆಲಸ’ ಎಂದು ಬರೆದುಕೊಂಡರೆ ಮನಸ್ಸಿಗೆ ಸಮಾಧಾನ ದೊರೆಯುವುದಿಲ್ಲ. ಅಲ್ಲಿ ಹೋಗಿ ಏನು ಮಾಡಬೇಕು, ಏನು ಒಯ್ಯಬೇಕು ಎಂಬ ಚಿಂತೆ ಹಾಗೆಯೇ ಉಳಿದಿರುತ್ತದೆ. ‘ಗುರುವಾರ 11 ಗಂಟೆಗೆ ಪಾಸ್‌ಬುಕ್ಕು, ಆಧಾರ್ ನಕಲು ತೆಗೆದುಕೊಂಡು ಬ್ಯಾಂಕಿಗೆ’ ಎಂದು ಬರೆದಲ್ಲಿ ಆ ಚಿಂತೆಗೆ ಗುರುವಾರದವರೆಗೆ ಬಿಡುವು ಸಿಕ್ಕಿತು.

ಬರೆದ ಮೇಲೆ ಪಟ್ಟಿ ಉದ್ದವಾಗಿ ಕಂಡು ಎದೆ ಧಸಕ್ಕೆನ್ನುವುದೂ ಸಂಭವವೇ. ಆಗ ಮಾಡತಕ್ಕದ್ದಿಷ್ಟು: ನಾಳೆಯ ದಿನಕ್ಕೆಂದು ಎರಡೋ ಮೂರೋ ಕೆಲಸಗಳನ್ನು ಮಾತ್ರ ಹಾಳೆಯ ಇನ್ನೊಂದು ಮಗ್ಗುಲಿಗೆ ಬರೆದುಕೊಂಡು, ಹಗಲಿನಲ್ಲಿ ಆ ಮಗ್ಗುಲನ್ನಷ್ಟೇ ಕಣ್ಣಮುಂದೆ ಇಟ್ಟುಕೊಳ್ಳಬೇಕು. ತುಂಬಿದ ಕೆರೆಯ ನೀರನ್ನು ಏರಿಯ ಮೇಲೆ ಹಾಯಗೊಡದೆ ತೂಬಿನ ಮೂಲಕ ಅಳತೆಯಾಗಿ ಗದ್ದೆಗೆ ಬಿಡುವ ನೀರಗಂಟಿಯ ವಿವೇಕ ಇಲ್ಲಿ ಬೇಕು. ಅವನು ಕೆರೆಯಲ್ಲಿ ನೀರು ಇಲ್ಲವೆಂದು ನಟಿಸುವುದಿಲ್ಲ, ಈ ಹೊತ್ತಿಗೆ ಈ ಗದ್ದೆಗೆ ಇಷ್ಟು ಎಂದು ಗೊತ್ತುಮಾಡುತ್ತಾನೆ.

ಇಲ್ಲಿಯವರೆಗೆ ಆಡಿದ ಮಾತೆಲ್ಲವೂ ಒಬ್ಬೊಬ್ಬರು ತಮಗೆ ತಾವೇ ಮಾಡಿಕೊಳ್ಳಬಹುದಾದ ಸಹಾಯವನ್ನು ಕುರಿತದ್ದಾಯಿತು. ಆದರೆ ನಮ್ಮ ಸಂಸಾರಗಳಲ್ಲಿ ನೆನಪಿನ ಹೊರೆ ಎಲ್ಲರ ಮೇಲೂ ಸಮನಾಗಿ ಬಿದ್ದಿಲ್ಲ. ಇದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ರಾತ್ರಿ ಹಾಲಿಗೆ ಹೆಪ್ಪು ಹಾಕಿಯಾಯಿತೇ, ನಾಳೆಯ ದೋಸೆಗೆ ಅಕ್ಕಿ ಉದ್ದು ನೆನೆಯಿತೇ, ಅತ್ತೆಯವರ ರಕ್ತದೊತ್ತಡದ ಮಾತ್ರೆ ಇನ್ನೆಷ್ಟು ದಿನಕ್ಕೆ ಬರುತ್ತದೆ, ಕೂಸಿಗೆ ಲಸಿಕೆಯ ದಿನ ಎಂದು, ನಲ್ಲಿಯಲ್ಲಿ ನೀರು ಬಿಡುವ ವಾರ ಯಾವುದು, ಗ್ಯಾಸು ಮುಗಿಯುವ ಹಾಗಿದೆಯೇ, ಮಾವನವರ ತಿಥಿಗೆ ಯಾರಿಗೆ ಹೇಳಿಕಳಿಸಬೇಕು, ಇವೆಲ್ಲವನ್ನೂ ಜ್ಞಾಪಕದಲ್ಲಿಟ್ಟು ನಡೆಸತಕ್ಕವಳು ಬಹುಮಟ್ಟಿಗೆ ಮನೆಯ ಹೆಣ್ಣುಮಗಳು. ಅವಳು ಹೊರಗೆ ಉದ್ಯೋಗಕ್ಕೆ ಹೋಗುವವಳಾದರೂ ಈ ಭಾರದಲ್ಲಿ ರಿಯಾಯಿತಿ ದೊರೆಯುವುದು ಅಪರೂಪ. ಭಾರತ ಸರ್ಕಾರದ ಅಂಕಿಅಂಶ ಇಲಾಖೆಯವರು 2019ರಲ್ಲಿ ನಡೆಸಿದ ಸಮಯ ವಿನಿಯೋಗದ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಹೆಂಗಸರು ದಿನಕ್ಕೆ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸುತ್ತಿದ್ದರು. ಕೈ ಕೆಲಸ ಮಾಡಿದ ನಿಮಿಷಗಳನ್ನು ಹೀಗೆ ಎಣಿಸಬಹುದು; ಅದನ್ನೆಲ್ಲ ನೆನಪಿನಲ್ಲಿ ಹಿಡಿದಿಟ್ಟುಕೊಂಡಿದ್ದ ಹೊತ್ತನ್ನು ಎಣಿಸುವ ಬಗೆ ಸುಲಭವಲ್ಲ.

ಗಂಡಸರಲ್ಲಿ ಸದ್ಭಾವವಿಲ್ಲವೆಂದು ನಾನು ಹೇಳುತ್ತಿಲ್ಲ. ‘ಏನು ಬೇಕೋ ಹೇಳು, ತಂದುಕೊಡ್ತೀನಿ’ ಎಂದು ಪ್ರೀತಿಯಿಂದ ಕೇಳುವ ಗಂಡಂದಿರು, ‘ಯಾವ ಕೆಲಸ ಮಾಡಲಿ ಹೇಳಮ್ಮಾ’ ಎನ್ನುವ ಮಕ್ಕಳು ಈಗ ಹಲವು ಮನೆಗಳಲ್ಲಿದ್ದಾರೆ, ಅದು ಸಂತೋಷದ ವಿಷಯ. ಆದರೆ ಏನು ಬೇಕೆಂಬುದನ್ನು ಗಮನಿಸಿ, ಎಣಿಸಿ, ಸಮಯಕ್ಕೆ ಸರಿಯಾಗಿ ಹೇಳಬೇಕಾದವಳು ಆಗಲೂ ಅವಳೇ ಆಗಿರುತ್ತಾಳೆಂಬುದನ್ನು ಆಲೋಚಿಸಿ ನೋಡಬೇಕು. ಅಂಗಡಿಗೆ ಹೋಗಿಬರುವ ಶ್ರಮ ಹಂಚಿಹೋಯಿತಾದರೂ ನೆನಪಿನ ಶ್ರಮ ಇದ್ದಲ್ಲೇ ಉಳಿಯಿತು. ಆದ್ದರಿಂದ ಬಿಡಿ ಬಿಡಿ ಕೆಲಸಗಳನ್ನು ಹಂಚುವ ಬದಲು ಒಂದೊಂದು ಬಾಬನ್ನು ಆಮೂಲಾಗ್ರವಾಗಿ ಒಬ್ಬೊಬ್ಬರಿಗೆ ಒಪ್ಪಿಸುವುದು ಮೇಲು. ಮನೆಯ ಹಿರಿಯರ ಔಷಧಿಯ ಬಾಬು ಮಗನದೆಂದಾದರೆ, ಮಾತ್ರೆಯ ಪಟ್ಟಿಯಲ್ಲಿ ಎಷ್ಟು ಉಳಿದಿವೆಯೆಂದು ನೋಡುವುದರಿಂದ ಮೊದಲುಗೊಂಡು ವೈದ್ಯರ ಬಳಿಗೆ ಕರೆದೊಯ್ಯುವ ದಿನವನ್ನು ಗೊತ್ತುಮಾಡುವವರೆಗೆ ಎಲ್ಲವೂ ಅವನದೇ. ತಾಯಿ ಅದನ್ನು ಮರೆತುಬಿಡಲು ಸ್ವತಂತ್ರಳು. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಗುರುತು ಹಾಕುವ ರೂಢಿ ನಮ್ಮಲ್ಲಿ ಬಹುಕಾಲದಿಂದ ಇದೆ. ಆ ಕ್ಯಾಲೆಂಡರನ್ನೇ ಭಾನುವಾರ ಕಾಫಿ ತಿಂಡಿಯ ಬಳಿಕ ಮನೆಮಂದಿಯೆಲ್ಲ ಕಾಲು ಗಂಟೆ ಮುಂದಿಟ್ಟುಕೊಂಡು, ಬರುವ ವಾರದ ಬಾಬುಗಳ ಎದುರಿಗೆ ಅವರವರ ಹೆಸರನ್ನು ಬರೆಯುವುದು ಸಾಧ್ಯ. ಮೊದಮೊದಲು ಕೆಲವು ಕೆಲಸಗಳು ತಪ್ಪುತ್ತವೆ, ಮಾತ್ರೆಯ ಬದಲು ಬೇರೇನೋ ಬರುತ್ತದೆ. ಆಗ ‘ನನ್ನಿಂದಲೇ ಆಗಬೇಕು’ ಎಂದು ಆ ತಾಯಿ ಅದನ್ನು ಮತ್ತೆ ಕೈಗೆ ತೆಗೆದುಕೊಳ್ಳಬಾರದೆಂಬುದು ನನ್ನ ಕಳಕಳಿಯ ಬಿನ್ನಹ.

ಇನ್ನು ಶರೀರದ ವಿಚಾರ. ವಾಗ್ಭಟನ ಆಯುರ್ವೇದ ಗ್ರಂಥವಾದ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಎರಡನೆಯ ಅಧ್ಯಾಯಕ್ಕೆ ದಿನಚರ್ಯೆಯೆಂದೇ ಹೆಸರು; ಅದರಿಂದ ಎರಡು ಅಧ್ಯಾಯ ಮುಂದಕ್ಕೆ, ಮನುಷ್ಯನು ಬಲಾತ್ಕಾರವಾಗಿ ತಡೆಹಿಡಿಯಬಾರದ 13 ವೇಗಗಳನ್ನು, ಎಂದರೆ ದೇಹದ ಸಹಜ ಒತ್ತಾಯಗಳನ್ನು, ಆಚಾರ್ಯನು ಎಣಿಸಿದ್ದಾನೆ. ಮಲಮೂತ್ರಾದಿಗಳೊಡನೆ ಹಸಿವು, ಬಾಯಾರಿಕೆ, ನಿದ್ರೆ, ಶ್ರಮದಿಂದ ಉಂಟಾದ ಏದುಸಿರು ಮತ್ತು ಕಣ್ಣೀರು ಕೂಡ ಆ ಪಟ್ಟಿಯಲ್ಲಿ ಸೇರಿರುವುದನ್ನು ಓದಿದಾಗಲೆಲ್ಲ ನನಗೆ ಆ ಪ್ರಾಚೀನ ವೈದ್ಯನ ಮೇಲೆ ಗೌರವ ಇಮ್ಮಡಿಯಾಗುತ್ತದೆ. ಕೆಲಸದ ಒತ್ತಡದಲ್ಲಿ ನಾವು ಮೊದಲು ಅದುಮುವುದು ಇವುಗಳನ್ನೇ ಅಲ್ಲವೆ? ಮಧ್ಯಾಹ್ನದ ಊಟವನ್ನು ಮುಂದೂಡುತ್ತೇವೆ, ನೀರು ಕುಡಿಯಲೂ ಮೂತ್ರವಿಸರ್ಜನೆಗೆ ಏಳಲೂ ಮೀನಮೇಷ ಎಣಿಸುತ್ತೇವೆ, ನಿದ್ರೆಯಿಂದ ಎರಡು ಗಂಟೆಗಳನ್ನು ಕಡಿದುಕೊಳ್ಳುತ್ತೇವೆ, ಅಳು ಬಂದರೆ ನುಂಗಿಕೊಳ್ಳುತ್ತೇವೆ. ಬಳಿಕ ಚಿಕ್ಕ ಮಾತಿಗೂ ಮಗುವಿನ ಮೇಲೆ ರೇಗಿ, ನನಗೇನಾಯಿತೆಂದು ಚಕಿತರಾಗುತ್ತೇವೆ. ಊಟಕ್ಕೂ ನಿದ್ರೆಗೂ ಒಂದು ಹೊತ್ತನ್ನು ಗೊತ್ತುಮಾಡಿ, ಎಷ್ಟೇ ಕೆಲಸವಿದ್ದರೂ ಅದನ್ನು ಕದಲಿಸದಿರುವುದು ಸುಖಲೋಲುಪತೆಯಲ್ಲ. ಹಸಿದು ನಿದ್ದೆಗೆಟ್ಟವನಿಗೆ ಮೂರು ಕೆಲಸಗಳು ಮೂವತ್ತಾಗಿ ತೋರುತ್ತವೆ.

ಉಸಿರಾಟವನ್ನು ಕುರಿತು ಒಂದೆರಡು ಮಾತು ಸಾಕು. ನೆಮ್ಮದಿಯಾಗಿ ಕುಳಿತಿರುವ ವಯಸ್ಕನು ಸಾಧಾರಣವಾಗಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾನೆ. ಇಟಲಿಯ ಪಾವಿಯಾ ನಗರದ ವೈದ್ಯರು ಮುಖ್ಯರಾಗಿ ನಡೆಸಿ 2001ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಕ್ರೈಸ್ತರು ಜಪಮಾಲೆ ಹಿಡಿದು ಹೇಳುವ ಮರಿಯಮ್ಮನವರ ಪ್ರಾರ್ಥನೆಯನ್ನು ಲ್ಯಾಟಿನ್ ಭಾಷೆಯಲ್ಲಿ ಹೇಳಿದಾಗಲೂ, ನಮ್ಮ ಬೈಲುಕುಪ್ಪೆಯ ಟಿಬೆಟ್ಟಿನವರ ಬಾಯಲ್ಲಿ ಕೇಳಿಬರುವ ಬೌದ್ಧಮಂತ್ರವನ್ನು ಜಪಿಸಿದಾಗಲೂ, ಉಸಿರು ತಾನಾಗಿಯೇ ನಿಮಿಷಕ್ಕೆ ಸುಮಾರು 6ಕ್ಕೆ ಇಳಿದು, ರಕ್ತದೊತ್ತಡವನ್ನು ಸಮತೋಲದಲ್ಲಿಡುವ ದೇಹದ ಏರ್ಪಾಡು ಹೆಚ್ಚು ಚುರುಕಾದುದು ಕಂಡುಬಂದಿತು. ಜಪ, ಪ್ರಾಣಾಯಾಮ, ವಚನ ಪಠನ, ಭಜನೆ, ಯಾವುದು ಯಾರ ಮನೆಯ ಸಂಪ್ರದಾಯವೋ ಅದನ್ನು ಅವರು ನೆಚ್ಚಬಹುದು. ಯಾವುದೂ ಬೇಡವೆನ್ನುವವರು ಕೆಲಸಕ್ಕೆ ಕೈಯಿಡುವ ಮುಂಚೆ ಹತ್ತು ಸಲ, ಒಳಗೆಳೆದುಕೊಂಡದ್ದಕ್ಕಿಂತ ತುಸು ದೀರ್ಘವಾಗಿ ಉಸಿರನ್ನು ಹೊರಬಿಟ್ಟರೂ ಆಯಿತು.

ವಿಶ್ರಾಂತಿಯ ವಿಷಯಕ್ಕೆ ಬಂದರೆ, ನಾನು ಹಿಂದೆ ಹೇಳಿದ 1927ನೆಯ ಇಸವಿಯಲ್ಲಿಯೇ ನಮ್ಮ ನಾಡಿನಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಸ್ಮರಿಸಬೇಕಾಗಿದೆ. ಖಾದಿಪ್ರಚಾರಕ್ಕಾಗಿ ಬಿಡುವಿಲ್ಲದ ಪ್ರವಾಸ ಕೈಗೊಂಡಿದ್ದ ಗಾಂಧೀಜಿಯವರ ಆರೋಗ್ಯ ಆ ವರ್ಷದ ಮಾರ್ಚ್ ತಿಂಗಳಲ್ಲಿ ಕೊಲ್ಹಾಪುರದ ಕಡೆಯಲ್ಲಿದ್ದಾಗ ಕುಸಿದುಬಿತ್ತು, ರಕ್ತದೊತ್ತಡ ಏರಿತ್ತು. ವೈದ್ಯರ ಆದೇಶದಂತೆ ಕಾರ್ಯಕ್ರಮಗಳನ್ನು ಕೈಬಿಟ್ಟು ಅವರು ಏಪ್ರಿಲಿನಲ್ಲಿ ನಮ್ಮ ನಂದಿಬೆಟ್ಟಕ್ಕೆ ಬಂದು, ಜೂನ್ ತಿಂಗಳ ಮೊದಲ ವಾರದವರೆಗೆ ಅಲ್ಲಿ ವಿಶ್ರಮಿಸಿ, ಅನಂತರ ಬೆಂಗಳೂರಿಗೆ ಇಳಿದುಬಂದರು. ದೇಶವೇ ಎದುರುನೋಡುತ್ತಿದ್ದ ಒಬ್ಬ ಮಹನೀಯರು, ಆಗ 57 ವರ್ಷ ವಯಸ್ಸಿನವರು, ಒಪ್ಪಿಕೊಂಡಿದ್ದ ಕಾರ್ಯಗಳನ್ನು ನಿಲ್ಲಿಸಿ ವಾರಗಟ್ಟಲೆ ಬೆಟ್ಟದ ಮೇಲೆ ಕುಳಿತರೆಂಬುದನ್ನು, ಒಂದು ದಿನದ ರಜೆ ಕೇಳಲು ಅಂಜುವ ನಮ್ಮ ತರುಣ ಉದ್ಯೋಗಿಗಳು ಅರಿತಿರಬೇಕೆಂದು ನನ್ನ ಆಸೆ.

ಆ ವೇಳೆಗಾಗಲೇ ಗಾಂಧೀಜಿಯವರು ಸೋಮವಾರದ ಮೌನವನ್ನು ಆಚರಿಸುತ್ತಿದ್ದರು. ಹೇಳಲೇಬೇಕಾದದ್ದನ್ನು ಚೀಟಿಯಲ್ಲಿ ಬರೆದು ತೋರಿಸುತ್ತಿದ್ದರು. 1947ರ ಜೂನ್ 2ರಂದು, ದೇಶವಿಭಜನೆಯ ಯೋಜನೆ ಹೊರಬೀಳುವ ಹಿಂದಿನ ದಿನ, ವೈಸರಾಯ್ ಮೌಂಟ್‌ಬ್ಯಾಟನ್ ಅವರನ್ನು ಕಂಡಾಗಲೂ ಅದು ಸೋಮವಾರವಾಗಿದ್ದುದರಿಂದ ಅವರು ಮಾತನಾಡದೆ ಹಳೆಯ ಲಕೋಟೆಗಳ ಬೆನ್ನಿನ ಮೇಲೆ ಬರೆದುಕೊಟ್ಟರು. ಉನ್ನತಾಧಿಕಾರಿಗಳೊಡನೆ ತುರ್ತಾದ ಮಾತುಕತೆ, ರೋಗಿಗಳ ಶುಶ್ರೂಷೆ ಎಂಬ ಎರಡು ವಿನಾಯಿತಿಗಳನ್ನು ವ್ರತದ ಆರಂಭದಲ್ಲೇ ಇರಿಸಿಕೊಂಡಿದ್ದುದಾಗಿಯೂ ಅಂದು ಅವರು ಬರೆದರು. ನಾವು ಇಡೀ ದಿನ ಮೌನದಿಂದಿರುವುದು ಕಷ್ಟಸಾಧ್ಯ. ಆದರೆ ದಿನದಲ್ಲಿ ಒಂದು ಗಂಟೆ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ವಾಟ್ಸಾಪಿನ ಸಂದೇಶಗಳಿಗೆ ಉತ್ತರ ಕೊಡಲು ಬೇರೊಂದು ಹೊತ್ತನ್ನು ನಿಗದಿಮಾಡಿ, ಆ ಹೊತ್ತನ್ನು ಮನೆಯವರಿಗೂ ಸಹೋದ್ಯೋಗಿಗಳಿಗೂ ಮೊದಲೇ ತಿಳಿಸಿಬಿಡುವುದು ಕಷ್ಟವಲ್ಲ. ಕಾಯಿಲೆ, ಅಪಘಾತ ಮೊದಲಾದವುಗಳಿಗೆ ವಿನಾಯಿತಿಯನ್ನು ನಾವೂ ಇಟ್ಟುಕೊಳ್ಳೋಣ.

ಈ ಅಭ್ಯಾಸಗಳಿಂದ ನೀಗದ ಸಂಕಟಗಳೂ ಉಂಟು. ಸಂಬಳ ಸಾಲದೆ ಸಾಲದಲ್ಲಿ ಸಿಕ್ಕಿಕೊಂಡವರಿಗೆ, ಹಾಸಿಗೆ ಹಿಡಿದ ರೋಗಿಯನ್ನು ಒಬ್ಬರೇ ನೋಡಿಕೊಳ್ಳುತ್ತಿರುವವರಿಗೆ, ಚೀಟಿ ಬರೆಯಿರಿ ಎಂದಷ್ಟೇ ಹೇಳಿ ಸುಮ್ಮನಾಗುವುದು ನಿರ್ದಯತೆ. ಅವರಿಗೆ ನೆರೆಹೊರೆಯ, ಬಂಧುಗಳ, ಸರ್ಕಾರದ ನೆರವು ಬೇಕು. ವಾರಗಟ್ಟಲೆ ನಿದ್ರೆಯಿಲ್ಲದೆ, ಊಟ ಸೇರದೆ, ಬದುಕೇ ಬೇಡವೆನಿಸತೊಡಗಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನವಿದೆ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಶುಲ್ಕವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ದಯವಿಟ್ಟು ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ: 14416.

ಉಳಿದವರು ಇವೆಲ್ಲವನ್ನೂ ನಾಳೆಯಿಂದಲೇ ಒಟ್ಟಾಗಿ ಆರಂಭಿಸುವ ಉತ್ಸಾಹ ತಾಳಬಾರದೆಂದು ಕೋರುತ್ತೇನೆ. ಈಗಿರುವ ಹೊರೆಯ ಮೇಲೆ ಅದು ಇನ್ನೊಂದು ಹೊರೆಯಾದೀತು. ನಿದ್ರೆ ಬಾರದವರು ಚೀಟಿಯಿಂದ ತೊಡಗಲಿ, ಮಧ್ಯಾಹ್ನದ ಊಟ ತಪ್ಪಿಸುವವರು ಊಟದಿಂದ, ಸಂಸಾರವನ್ನೆಲ್ಲ ಒಬ್ಬರೇ ನೆನಪಿನಲ್ಲಿ ಹೊತ್ತವರು ಭಾನುವಾರದ ಕ್ಯಾಲೆಂಡರಿನಿಂದ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಮಂದಿಯನ್ನು ಪರೀಕ್ಷೆಗೆ ತೆಗೆದುಕೊಂಡು, ತಿಂಡಿಯ ಬಳಿಕ, ಊಟದ ಬಳಿಕ ಎಂಬಂತೆ ಒಂದು ಗೊತ್ತಾದ ಸಂದರ್ಭಕ್ಕೆ ಜೋಡಿಸಿದ ಹೊಸ ರೂಢಿಯೊಂದು ಎಷ್ಟು ದಿನದಲ್ಲಿ ಪ್ರಯತ್ನವಿಲ್ಲದೆ ನಡೆಯುವಂತಾಗುತ್ತದೆಂದು ಲೆಕ್ಕ ಹಾಕಿದರು. 2010ರಲ್ಲಿ ಪ್ರಕಟವಾದ ಅವರ ವರದಿಯಂತೆ ಸರಾಸರಿ 66 ದಿನಗಳು ಹಿಡಿದವು; ಕೆಲವರಿಗೆ 18 ದಿನಗಳೇ ಸಾಕಾದರೆ, ಕೆಲವರ ಲೆಕ್ಕ 254 ದಿನಗಳವರೆಗೂ ಹೋಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಬೇರೂರುವುದಕ್ಕೆ ಗಣನೀಯವಾದ ಬಾಧಕವೇನೂ ಆಗಲಿಲ್ಲವೆಂಬುದೂ ಅದರಲ್ಲಿದೆ. ಆದಕಾರಣ ಒಂದು ರಾತ್ರಿ ಚೀಟಿ ಬರೆಯದೆ ಮಲಗಿದಿರಾದರೆ, ಹಿಂದಿನ ದಿನದ ಬಾಕಿಯೆಂದು ಎರಡು ಚೀಟಿ ಬರೆಯುವ ಗೋಜಿಗೆ ಹೋಗದೆ, ಮರುರಾತ್ರಿ ಊಟವಾದ ಮೇಲೆ ಎಂದಿನಂತೆ ಕುಳಿತು ಒಂದನ್ನೇ ಬರೆಯಿರಿ.